ನನ್ನ ಪಾಲಿಗೆ ಬಂದ ಸಮುದ್ರ

ನಾಡು ಒಂದಾದ ದಿನ ನನ್ನ ಸಮುದ್ರವನ್ನು ಊರಿನ ಗಣ್ಯರೆಲ್ಲ ಸೇರಿ ತುಳಿದರು. ಇಷ್ಟು ನೇರವಾಗಿ ಹೇಳಲು ಕಾರಣವಿದೆ. ಸುತ್ತಿ ಬಳಸಿ ಹೇಳಿದಾಗಲೆಲ್ಲ ಕೇಳುವವರು ನಡುವೆಯೇ ನಕ್ಕು, ‘ಹಳೇ ಮಾತು, ಬಿಡ್ರಿ ಇನ್ನ’ ಎಂದು ಚಹಾ ಕುಡಿಸಿ ಕಳಿಸಿದ್ದಾರೆ. ಮಾತು ಹಳೆಯದಾದರೆ ಅನ್ಯಾಯವೂ ಮಾಸಿಹೋಗುತ್ತದೆ ಎಂಬುದು ಅನ್ಯಾಯ ಮಾಡಿದವರ ನಂಬಿಕೆ. ನನಗೆ ಆ ನಂಬಿಕೆಯಿಲ್ಲ. ನನ್ನ ಮದುವೆಯ ಊಟದಲ್ಲಿ ನಮ್ಮ ಅವ್ವನ ಎಲೆಗೆ ಮಾತ್ರ ಹೋಳಿಗೆ ಬಡಿಸದೆ ಮುಂದೆ ಹೋದವರು ಯಾರೆಂಬುದೂ ನನಗೆ ನೆನಪಿದೆ. ಆದರೆ ಇಂದಿನ ವಿಷಯ ಅದಲ್ಲ.

ಆಗ ನಾನು ಲಕ್ಷ್ಮೇಶ್ವರದಲ್ಲಿ ಕನ್ನಡ ಶಾಲೆಗೆ ಹೋಗುತ್ತಿದ್ದ ಹುಡುಗಿ. ಸಂಸ್ಥಾನದ ಕಾಲ ಮುಗಿದಿತ್ತು, ಮುಂಬಯಿ ಸರಕಾರದ ಕಾಲ ಮುಗಿಯುತ್ತಿತ್ತು. ಅಲ್ಲಿಯವರೆಗೆ ಮುಂಡರಗಿಯ ನಮ್ಮ ಸೋದರತ್ತೆ ಹೊಳೆ ದಾಟಿ ನೆಂಟರ ಮನೆಗೆ ಹೋದರೂ ಬೇರೊಂದು ರಾಜ್ಯಕ್ಕೆ ಹೋದಂತಾಗುತ್ತಿತ್ತು. ಇನ್ನು ಮೇಲೆ ಕನ್ನಡದವರೆಲ್ಲ ಒಂದೇ ಎಂಬ ಸಂತೋಷಕ್ಕೆ ನಮ್ಮ ಡ್ರಾಯಿಂಗ್ ಮಾಸ್ತರರು ಒಂದು ಯೋಜನೆ ಹಾಕಿದರು. ಶಾಲೆಯ ಅಂಗಳವನ್ನು ಸಾರಿಸಿ, ಸುಣ್ಣದಲ್ಲಿ ಹೊಸ ನಾಡಿನ ನಕಾಶೆ ಬರೆದು, ಒಂದೊಂದು ಜಿಲ್ಲೆಯನ್ನು ಒಂದೊಂದು ಮಗುವಿಗೆ ಹಂಚಿ, ಮನೆಯಿಂದ ತಂದ ಕಾಳುಗಳಿಂದ ತುಂಬಿಸುವುದು. ಎಲ್ಲರೂ ಕೂಡಿ ಒಂದು ಚಿತ್ರ. ಕೇಳಲು ಚೆಂದ. ಕೂಡಿ ಮಾಡುವ ಕೆಲಸದಲ್ಲೂ ಪಾಲು ಹಂಚುವವರು ಒಬ್ಬರೇ ಇರುತ್ತಾರೆ ಎಂಬುದನ್ನು ನಾನು ಅಂದು ಕಲಿತೆ.

ಗದಗ, ಶಿರಹಟ್ಟಿ ಎಲ್ಲ ಸೇರಿದ್ದ ನಮ್ಮ ಸ್ವಂತ ಧಾರವಾಡ ಜಿಲ್ಲೆ ಶಿಗ್ಲಿಯಿಂದ ಬರುತ್ತಿದ್ದ ಕಮಲಳ ಪಾಲಾಯಿತು. ಅವಳ ಅಪ್ಪನ ಮನೆಯಲ್ಲಿ ಜೋಳಕ್ಕೆ ಕೊರತೆಯಿರಲಿಲ್ಲ. ಶೇಂಗಾ ತರುವವಳಿಗೆ ವಿಜಾಪುರ, ಕಡಲೆ ತರುವವನಿಗೆ ರಾಯಚೂರು. ನಮ್ಮ ಅಪ್ಪ ಅಂಗಡಿಯೊಂದರಲ್ಲಿ ಗುಮಾಸ್ತ. ನಮ್ಮ ಮನೆಗೆ ಕಾಳು ಬರುತ್ತಿದ್ದದ್ದೇ ಪೊಟ್ಟಣದಲ್ಲಿ. ನನ್ನ ಸರದಿ ಬಂದಾಗ ಜಿಲ್ಲೆಗಳು ಮುಗಿದಿದ್ದವು.

‘ನೀ ಸಮುದ್ರ ತಗೋ, ಶಾಂತವ್ವಾ,’ ಎಂದರು ಮಾಸ್ತರರು.

‘ಸಮುದ್ರ ನಮ್ಮ ನಾಡಿನ್ಯಾಗ ಬರ್ತೈತೇನ್ರಿ, ಸರ?’

‘ನಾಡಿನ ಬಾಜೂಕ ಬರ್ತೈತಿ. ಎಲ್ಲಾರ ಪಾಲಿಗಿಂತ ದೊಡ್ಡದೈತಿ ನೋಡು. ಕಾಳೂ ಬ್ಯಾಡ.’

‘ಈಸಾಕರ ಬರ್ತೈತೇನ ನಿನಗ?’ ಎಂದಳು ಕಮಲ. ವರ್ಗವೆಲ್ಲ ನಕ್ಕಿತು. ಆ ನಗು ಯಾವ ಸಾಲಿನಿಂದ ಶುರುವಾಯಿತೆಂಬುದನ್ನು ಈಗಲೂ ತೋರಿಸಬಲ್ಲೆ.

ನಾನು ಸಮುದ್ರ ಕಂಡವಳಲ್ಲ. ಅಜ್ಜಿಯನ್ನು ಕೇಳಿದೆ. ‘ನಮ್ಮ ಕೆರಿ ಇದ್ದಂಗ ಇರ್ತೈತಿ. ಆಚಿ ದಂಡಿ ಒಂದ ಇರಂಗಿಲ್ಲ,’ ಎಂದಳು, ಅವಳೂ ಕಾಣದೆ. ಹಳ್ಳದ ಉಸುಕು ತಂದು, ಅವ್ವನ ಸಾಣಿಗೆಯಲ್ಲಿ ಸೋಸಿ, ಬಿಳಿ ಅರಿವೆಗೆ ಹಾಕುವ ನೀಲಿಯನ್ನೆಲ್ಲ ಕಲಸಿ ಒಣಗಿಸಿದೆ. ಸಾಣಿಗೆ ನೀಲಿಯಾಯಿತು, ಮರುದಿನದ ರೊಟ್ಟಿಯೂ ಸ್ವಲ್ಪ ನೀಲಿಯಾಯಿತು, ನನ್ನ ಬೆನ್ನಿಗೆ ಎರಡು ಬಿತ್ತು. ಅಂಗಳದಲ್ಲಿ ಆ ಉಸುಕು ಹಾಸಿ, ತೆರೆಯ ಹಿಂದೆ ತೆರೆ ಬರುವಂತೆ ಬೆರಳಿನಿಂದ ಗೀರಿದೆ. ದಂಡೆಗೆ ಹತ್ತಿರವಾದಂತೆ ತೆರೆಗಳು ಸಣ್ಣಗಾಗಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ಒಬ್ಬರಾದರೂ ಬಗ್ಗಿ ನೋಡಿ ‘ಇದು ಯಾರ ಕೈಕೆಲಸ?’ ಎಂದು ಕೇಳಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಕಮಲ ಮಾಡಿದ್ದೇನು? ಜೋಳ ಸುರುವಿದಳು. ಅವಳ ಧಾರವಾಡ ಬೆಳಗಾವಿಗೂ ಬಳ್ಳಾರಿಗೂ ಚೆಲ್ಲಿ ಹರಡಿತು. ಅದನ್ನು ತಿನ್ನಲು ಗುಬ್ಬಿಗಳು ಬಂದವು. ಆಗ ಮಾಸ್ತರರು ನನ್ನತ್ತ ತಿರುಗಿ, ‘ಸಮುದ್ರಕ್ಕ ಗುಬ್ಬಿ ಮುಟ್ಟಂಗಿಲ್ಲ. ನೀ ಇಲ್ಲೇ ಕುಂತು ಧಾರವಾಡ ಕಾಯಿ,’ ಎಂದರು. ಕಮಲ ಹುಣಸೆಮರದ ನೆರಳಿಗೆ ಹೋದಳು. ಅವಳ ಜಿಲ್ಲೆಯನ್ನು ನಾನು ಬಿಸಿಲಲ್ಲಿ ಕುಳಿತು ಕಾಯ್ದೆ.

ಮರುದಿನ ಬೆಳಿಗ್ಗೆ ಗದಗಿನಿಂದ ಮುಖಂಡರೊಬ್ಬರು ಬಂದರು, ಜೊತೆಗೆ ಫೋಟೋದವನೂ ಬಂದ. ಮುಖಂಡರು ನಕಾಶೆ ನೋಡಿದವರೇ ಜೋಡು ಕಳಚಿ ಕೈಮುಗಿದರು. ‘ಇದು ತಾಯಿ ಮೈ. ಇದರ ಮ್ಯಾಲ ಯಾರೂ ಕಾಲಿಡಬ್ಯಾಡ್ರಿ.’ ಊರ ಹಿರಿಯರೂ ಮಾಸ್ತರರೂ ಮಕ್ಕಳೂ ಬರಿಗಾಲಲ್ಲಿ, ಭಕ್ತಿಯಿಂದ, ಹಿಂದೆ ಹಿಂದೆ ಸರಿದರು. ಸರಿದು ನಿಂತದ್ದು ಸಮುದ್ರದ ಮೇಲೆ.

‘ಸಮುದ್ರ ಕೆಡತೈತ್ರಿ,’ ಎಂದೆ.

‘ನೀರು ತುಳದ್ರ ಕೆಡತೈತೇನವಾ, ಹುಚ್ಚಿ?’ ಎಂದರು ಮುಖಂಡರು. ಮತ್ತೊಮ್ಮೆ ಎಲ್ಲರೂ ನಕ್ಕರು. ಕಮಲಳನ್ನು ಹತ್ತಿರ ಕರೆದು, ‘ಧಾರವಾಡ ಭಾಳ ಚಂದ ಆಗೇತಿ’ ಎಂದು ತಲೆ ಸವರಿದರು. ನನ್ನ ತೆರೆಗಳನ್ನು ನಾನೇ ತುಳಿಯಲಾರದೆ ಉತ್ತರಕ್ಕೆ, ನಾಡಿನ ಆಚೆಗೆ ಸರಿದು ನಿಂತೆ. ಫೋಟೋದಲ್ಲಿ ನನ್ನ ಬಲ ಮೊಳಕೈ ಮಾತ್ರ ಬಂದಿದೆ.

ಮುಂದೆ ನಾನೂ ಶಾಲೆಯ ಅಕ್ಕೋರಾದೆ. ಮಕ್ಕಳಿಂದ ಕೂಡಿ ಚಿತ್ರ ಬರೆಸುವಾಗ ಯಾರ ಪಾಲಿಗೂ ಸಮುದ್ರ ಬರಬಾರದೆಂದು ಅದನ್ನು ಬಿಟ್ಟೇಬಿಡುತ್ತಿದ್ದೆ. ತಪಾಸಣೆಗೆ ಬಂದ ಸಾಹೇಬರೊಬ್ಬರು ಬಹಳ ಹೊತ್ತು ನೋಡಿ, ‘ಕಾರವಾರದ ಮೀನುಗಾರರು ಈಗ ಏನ್ ಮಾಡ್ಬೇಕ್ರಿ, ಅಕ್ಕೋರ?’ ಎಂದು ಕೇಳಿದರು.

ದೈವಕ್ಕೂ ನನ್ನ ಮೇಲೆ ಏನೋ ಸಿಟ್ಟಿರಬೇಕು. ನನ್ನ ಮಗಳು ಮೆಚ್ಚಿದ ಹುಡುಗ ಕಮಲಳ ಮಗ. ಈಗ ಕಮಲಾಬಾಯಿ ನನ್ನ ಬೀಗತಿ, ಆ ಫೋಟೋ ಗದಗಿನಲ್ಲಿ ಅವರ ಪಡಸಾಲೆಯ ಗೋಡೆಯ ಮೇಲೆ. ನಾನು ಹೋದಾಗಲೆಲ್ಲ ಸರಿಯಾಗಿ ಅದರ ಕೆಳಗೇ ಕುರ್ಚಿ ಹಾಕಿಸುತ್ತಾರೆ. ಮೊನ್ನೆ ಮೊಮ್ಮಗಳು ಕೇಳಿದಳು: ‘ಅಜ್ಜಿ, ಇದರಾಗ ನೀ ಎಲ್ಲಿದ್ದಿ?’

ಮೊಳಕೈ ತೋರಿಸಿದೆ.

‘ಅದು ಯಾರದೋ ಏನೋ, ಬೀಗರ,’ ಎಂದರು ಕಮಲಾಬಾಯಿ. ‘ಇಷ್ಟ ಚಂದದ ಫೋಟೋ ಕೆಡಿಸೇತಿ.’

‘ನಂದ ಐತ್ರಿ. ನೀಲಿ ಹತ್ತಿದ್ದಕ್ಕ ಕರ್ರಗ ಕಾಣತೈತಿ, ನೋಡ್ರಿ.’

‘ಬಿಸಿಲಾಗ ಗುಬ್ಬಿ ಕಾಯ್ದ ಕರ್ರಗಾಗಿರಬೇಕ ಬಿಡ್ರಿ.’

ಅಂದರೆ ಗುಬ್ಬಿ ಕಾಯ್ದದ್ದು ಅವರಿಗೂ ನೆನಪಿದೆ. ನಾನು ಬಿಡಲಿಲ್ಲ. ಅವರ ಧಾರವಾಡವನ್ನು ಸರಕಾರ ಒಡೆದು ಗದಗ ಬೇರೆ, ಹಾವೇರಿ ಬೇರೆ ಮಾಡಿತೆಂದೂ, ನನ್ನ ಸಮುದ್ರ ಮಾತ್ರ ಇಂದಿಗೂ ಇಡಿಯಾಗಿ ಇದೆಯೆಂದೂ ತಿಳಿಸಿದೆ. ಬಹಳ ವರ್ಷಗಳ ಮೇಲೆ ಆ ಮನೆಯಲ್ಲಿ ಚಹಾ ನನಗೆ ರುಚಿಸಿತು.

ಆಗ ಮೊಮ್ಮಗಳು ಹೇಳಿದಳು, ತನ್ನ ಶಾಲೆಯಲ್ಲೂ ಮಕ್ಕಳೆಲ್ಲ ಸೇರಿ ನಾಡಿನ ನಕಾಶೆ ಮಾಡುತ್ತಿದ್ದಾರಂತೆ. ಸಮುದ್ರ ಯಾರಿಗೆ ಬಂತೆಂದು ಕೇಳಿದೆ. ‘ಯಾರಿಗೂ ಇಲ್ಲಜ್ಜಿ. ಅಂಗಡ್ಯಾಗಿಂದ ನೀಲಿ ಹಾಳಿ ತಂದು ಹಚ್ಚೇವಿ. ಗ್ವಾಡಿಗೆ ತೂಗಹಾಕ್ತಾರ.’ ಗೋಡೆಗೆ. ಅಂದರೆ ಯಾವ ಮುಖಂಡರ ಕಾಲಿಗೂ ನಿಲುಕದಷ್ಟು ಎತ್ತರಕ್ಕೆ. ಈ ವಯಸ್ಸಿನಲ್ಲಿ ಒಂದು ಹಾಳೆ ಕಾಗದದ ಬಗ್ಗೆ ಹೊಟ್ಟೆಕಿಚ್ಚು ಪಡುವ ಯೋಗವೂ ನನ್ನ ಹಣೆಯಲ್ಲಿ ಬರೆದಿತ್ತು.

ಆದ್ದರಿಂದ ಮಾಸ್ತರರೇ, ಮುಖಂಡರೇ, ನೀವು ಈಗ ಎಲ್ಲಿದ್ದರೂ ಸರಿ. ಬೀಗತಿಯವರೇ, ನೀವು ನಿಮ್ಮ ಪಡಸಾಲೆಯಲ್ಲಿಯೇ ಕುಳಿತು ಹೇಳಿ. ಅಂದು ನೀವೆಲ್ಲ ಬರಿಗಾಲಲ್ಲಿದ್ದಿರಿ. ಮನೆಗೆ ಹೋಗಿ ಕಾಲು ತೊಳೆಯುವಾಗ ಬಚ್ಚಲಿನ ನೀರು ನೀಲಿಯಾದದ್ದನ್ನು ಕಂಡು, ಇದು ಯಾರ ಕೈಯದೆಂದು ನಿಮ್ಮಲ್ಲಿ ಒಬ್ಬರಾದರೂ ಕೇಳಿದಿರಾ?