ಸಿಟ್ಟಿಗೆ ಕಾರಣ ಹೇಳುವ ಮಾವ

ನನ್ನ ಸೋದರಮಾವನ ಎದುರಿಗೆ ನೆಮ್ಮದಿಯಿಂದ ಜಗಳ ಆಡಲಿಕ್ಕೆ ಸಾಧ್ಯವೇ ಇಲ್ಲ. ನೀವು ಬೈಯಲು ಬಾಯಿ ತೆರೆಯುವಷ್ಟರಲ್ಲಿ ನಿಮಗೆ ಸಿಟ್ಟು ಯಾಕೆ ಬಂತೆಂದು ಅವನು ವಿವರಿಸಿ ಮುಗಿಸಿರುತ್ತಾನೆ. ಲಿಂಗಸುಗೂರು ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ನಿವೃತ್ತನಾಗಿ ಸಿಂಧನೂರಿಗೆ ಬಂದವನು. ಶಾಲೆ ಬಿಟ್ಟರೂ ಪಾಠ ಬಿಟ್ಟಿಲ್ಲ.

ಒಮ್ಮೆ ಮಸ್ಕಿಯಲ್ಲಿ ಬಸ್ಸಿನ ಸೀಟಿಗಾಗಿ ಇಬ್ಬರು ಎದ್ದು ನಿಂತು ಅಂಗಿ ಹಿಡಿದಾಡುತ್ತಿದ್ದರು. ಮಾವ ನಡುವೆ ನುಗ್ಗಿ, "ತಮ್ಮಾ, ತಪ್ಪು ನಿಂದಲ್ಲ. ಮೆದುಳಿನಾಗ ಬಾದಾಮಿಯಷ್ಟು ಒಂದು ಗಂಟು ಐತಿ. ಅದು ಹೆದರಿತಂದ್ರ ರಕ್ತದಾಗ ಅಡ್ರಿನಲಿನ್ ಏರತೈತಿ" ಎಂದ.

"ಯಾರಿಗ್ರೀ ಗಂಟು?" ಎಂದು ಇಬ್ಬರೂ ಒಟ್ಟಿಗೆ ಇವನ ಕಡೆ ತಿರುಗಿದರು. ಜಗಳ ನಿಂತದ್ದೇನೋ ನಿಜ. ಮಾವನ ಅಂಗಿಯ ಎರಡು ಗುಂಡಿ ಹೋದವು. ಅಷ್ಟರಲ್ಲಿ ಮುದುಕಿಯೊಬ್ಬಳು ಬಂದು ಆ ಸೀಟಿನಲ್ಲಿ ಆರಾಮಾಗಿ ಕೂತಿದ್ದಳು.

ಮನೆಯಲ್ಲಿ ಅತ್ತೆ ಪಾತ್ರೆ ಕುಕ್ಕಿದರೂ ಇದೇ ಕಥೆ. "ನಿನ್ನ ಮನಸ್ಸಿನ್ಯಾಗ ಯಾವುದೋ ಆಸೆ ಈಡೇರಿಲ್ಲ. ಹತಾಶೆ ಸಿಟ್ಟಾಗಿ ಹೊರಗ ಬರಾಕತ್ತೈತಿ" ಎನ್ನುತ್ತಾನೆ.

"ಹೌದ್ರೀ, ಮುಂಜಾನಿಂದ ಉಳ್ಳಾಗಡ್ಡಿ ತರ್ರಿ ಅನ್ನಾಕತ್ತೀನಿ" ಎನ್ನುತ್ತಾಳೆ ಅತ್ತೆ.

ಇಂಥ ಮಾವ ಹೋದ ವರ್ಷ ನನ್ನ ಕೆನ್ನೆಗೆ ಹೊಡೆದ.

ದಢೇಸುಗೂರಿನಲ್ಲಿ ನನ್ನ ಗದ್ದೆಯ ಪಕ್ಕದಲ್ಲೇ ತಮ್ಮನ ಗದ್ದೆ. ಅವತ್ತು ಕಾಲುವೆ ನೀರಿನ ಪಾಳಿ ನನ್ನದು. ತಮ್ಮ ನೀರನ್ನು ತನ್ನ ಕಡೆ ತಿರುಗಿಸಿಕೊಂಡಿದ್ದ. ಮಾತಿಗೆ ಮಾತು ಬೆಳೆದು ನಾನು ಸಲಿಕೆ ಎತ್ತಿದೆ. ಜೊತೆಗಿದ್ದ ಮಾವ ಇನ್ನೇನು ಪಾಠ ಶುರುಮಾಡುತ್ತಾನೆ ಎಂದುಕೊಂಡೆ. ಅವನು ಫಟಾರನೆ ಬಾರಿಸಿದ. ಸಲಿಕೆ ಕೈಜಾರಿ ಕೆಸರಿಗೆ ಬಿತ್ತು. ಅಷ್ಟು ವರ್ಷದ ನೌಕರಿಯಲ್ಲಿ ಒಬ್ಬ ಹುಡುಗನಿಗೂ ಬೆತ್ತ ತೋರಿಸದವನು ಇವನೇ ಏನು?

ಮಾವ ಬದುವಿನ ಮೇಲೆ ಕುಸಿದು ಕೂತ.

"ನಮ್ಮಣ್ಣಗ ಎಡಗಿವಿ ಕೇಳೂದಿಲ್ಲ, ನಿಮಗ ಗೊತ್ತೈತಿ. ಸಣ್ಣಾಂವಿದ್ದಾಗ ಗಿಡದಿಂದ ಬಿದ್ದೆ ಅಂತ ಎಲ್ಲಾರಿಗೂ ಹೇಳ್ಯಾನ. ಬಿದ್ದಿಲ್ಲಪಾ ಅವ. ನಾನೇ ಸಿಟ್ಟಿಲೆ ಕಟಿಗಿ ತೊಗೊಂಡು ಹೊಡದೀನಿ. ಯಾಕ ಹೊಡದೆ ಅಂತ ಅವತ್ತಿಂದ ಓದಾಕತ್ತೀನಿ. ಪುಸ್ತಕದಾಗ ಎಲ್ಲಾ ಕಾರಣ ಸಿಕ್ಕಾವು. ಅವನ ಮುಂದ ನಿಂತು ತಪ್ಪಾತು ಅನ್ನಾಕ ಮಾತ್ರ ಆಗಿಲ್ಲ."

ಮರುದಿನ ನಾನೂ ತಮ್ಮನೂ ಸೇರಿ ಅವನನ್ನು ಮುದಗಲ್‌ಗೆ ಕರೆದುಕೊಂಡು ಹೋದೆವು. ಅವನ ಅಣ್ಣ, ನಮ್ಮ ದೊಡ್ಡಮಾವ, ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ವಯಸ್ಸಾಗಿ ಅವನ ಬಲಗಿವಿಯೂ ಈಗ ಮಂದ. ಮಾವ ಎರಡು ಸಲ ಮೆಲ್ಲಗೆ ಹೇಳಿದ.

"ಏನಂದಿ?" ಎಂದ ದೊಡ್ಡಮಾವ.

ಇಷ್ಟು ವರ್ಷ ಮುಚ್ಚಿಟ್ಟ ಮಾತನ್ನು ಮಾವ ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕಾಯಿತು. "ಅಣ್ಣಾ, ಅವತ್ತು ನಂದು ತಪ್ಪಾತು."

ದೊಡ್ಡಮಾವ ಸರಿದು, ಕಟ್ಟೆಯ ಮೇಲೆ ಜಾಗ ಮಾಡಿದ.

"ಬಿಸಲಾಗ ಯಾಕ ನಿಂತೀಲೇ? ಬಾ, ಕೂಡು. ಚಾ ಇಡಾಕ ಹೇಳ್ತೀನಿ."