ಸುಪ್ರೀಂ ಕೋರ್ಟಿನ ಜಿತೇಂದ್ರ

ಪತ್ರಿಕೆಯವರು ಒಂದೇ ಒಂದು ಶಬ್ದ ಬಿಟ್ಟದ್ದರಿಂದ ಗಲಾಟೆ ಶುರುವಾಯಿತು. ‘ಸುಪ್ರೀಂ ಕೋರ್ಟಿನ ವರದಿಗಾರ ಜಿತೇಂದ್ರರಿಗೆ ಇಂದು ಕುಂದಾಪುರದಲ್ಲಿ ಸನ್ಮಾನ’ ಎಂದು ಬರಬೇಕಿದ್ದ ಸುದ್ದಿಯಲ್ಲಿ ‘ವರದಿಗಾರ’ ಹಾರಿಹೋಗಿತ್ತು.

ಜಿತೇಂದ್ರ ಹದಿನೆಂಟು ವರ್ಷದಿಂದ ದೆಹಲಿಯಲ್ಲಿದ್ದು ಆ ಕೋರ್ಟಿನ ಸುದ್ದಿ ಬರೆಯುವವನು. ಅದರ ಬಗ್ಗೆ ಮೂರು ಪುಸ್ತಕ ಬರೆದಿದ್ದ. ಮೊದಲಿನ ಎರಡು ಇಂಗ್ಲಿಷಿನವು. ಮೂರನೆಯದನ್ನು ಊರಿನವರು ಓದಲಿ ಎಂದು ಕನ್ನಡದಲ್ಲೇ ಬರೆದಿದ್ದ. ಸನ್ಮಾನ ಅದಕ್ಕಾಗಿಯೇ. ಹಿಂದಿನ ಸಂಜೆ ಬಾರ್ಕೂರಿನ ಮನೆಗೆ ಬಂದು, ಅಮ್ಮ ಕಮಲಮ್ಮ ಮಾಡಿದ ಮೀನು ಸಾರು ಉಂಡು ಮಲಗಿದ್ದ.

ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯಲ್ಲಿ ಏಳು ಜನ. ಎಲ್ಲರ ತೊಡೆಯ ಮೇಲೂ ಕಾಗದ ತುಂಬಿದ ಪ್ಲಾಸ್ಟಿಕ್ ಚೀಲ. ಹಲ್ಲು ಕೀಳಿಸಿಕೊಳ್ಳಲು ಕೂತವರ ಮುಖ. ಒಬ್ಬ ನಿವೃತ್ತ ಲೈನ್‌ಮನ್ ಪಿಂಚಣಿ ಕೇಸು ಹಿಡಿದುಕೊಂಡು ಶಿರೂರಿನಿಂದ ಮೊದಲ ಬಸ್ಸಿಗೇ ಬಂದಿದ್ದ. ಒಬ್ಬ ಹೆಂಗಸಿಗೆ ಪಕ್ಕದ ಮನೆಯವರ ಹಲಸಿನ ಮರದ ಮೇಲೆ ಇಂದು ಮಧ್ಯಾಹ್ನದೊಳಗೆ ತಡೆಯಾಜ್ಞೆ ಬೇಕಿತ್ತು.

ತಾನು ಜಡ್ಜ್ ಅಲ್ಲ, ಹಿಂದಿನ ಸಾಲಿನಲ್ಲಿ ನಿಂತು ಕೇಳಿಸಿಕೊಂಡು ಬರೆಯುವವ ಅಷ್ಟೇ ಎಂದು ಜಿತೇಂದ್ರ ಕೈ ಮುಗಿದ. ದೊಡ್ಡವರೆಲ್ಲ ಹೀಗೇ ಹೇಳುವುದೆಂದು ಲೈನ್‌ಮನ್ ಉಳಿದವರಿಗೆ ವಿವರಿಸಿದ. ಅಮ್ಮನ ತಮ್ಮ ಕುಷ್ಟ ಮಾವ ಬಂದವನು ಪರಿಸ್ಥಿತಿ ಸುಧಾರಿಸುತ್ತಾನೆ ಅಂದುಕೊಂಡರೆ, ಎಲ್ಲರಿಗೂ ಕ್ಯಾಲೆಂಡರ್ ಹಾಳೆ ಹರಿದು ನಂಬರ್ ಚೀಟಿ ಕೊಟ್ಟ.

ಜಿತೇಂದ್ರ ಪಕ್ಕದ ಬಾಗಿಲಿನಿಂದ ತಪ್ಪಿಸಿಕೊಂಡು, ಅಮ್ಮನನ್ನೂ ಮಾವನನ್ನೂ ಕರೆದುಕೊಂಡು ಬಸ್ ಹತ್ತಿದ. ಅಲ್ಲೂ ಬಿಡುಗಡೆ ಸಿಗಲಿಲ್ಲ. ಬ್ರಹ್ಮಾವರ ದಾಟುತ್ತಿದ್ದಂತೆ, ಪತ್ರಿಕೆಯಲ್ಲಿ ಫೋಟೊ ನೋಡಿದ್ದ ಕಂಡಕ್ಟರ್ ಪಕ್ಕ ಕೂತು ತನ್ನ ವಿಚ್ಛೇದನದ ಕೇಸು ಶುರುಮಾಡಿದ. ಹೆಂಡತಿ ತಂದ ಗ್ರೈಂಡರ್ ಯಾರದ್ದು ಎಂಬಲ್ಲಿಗೆ ಬರುವಾಗ ತೆಕ್ಕಟ್ಟೆ ಹಿಂದೆ ಹೋಗಿತ್ತು. ತೆಕ್ಕಟ್ಟೆಯಲ್ಲಿ ಇಳಿಯಬೇಕಿದ್ದ ಮೂವರು ಕಂಡಕ್ಟರ್‌ನನ್ನು ಬಿಟ್ಟು ಜಿತೇಂದ್ರನನ್ನು ಬೈದರು.

ಕುಂದಾಪುರದ ಸಭೆಯಲ್ಲಿ ಸ್ವಾಗತ ಮಾಡಿದವರು ‘ಗೌರವಾನ್ವಿತ ನ್ಯಾಯಮೂರ್ತಿಗಳೇ’ ಎಂದರು. ಜಿತೇಂದ್ರ ಮೈಕಿನ ಮುಂದೆ ನಿಂತು ಅದನ್ನು ತಿದ್ದಿದ. ಸಭೆ ಗಾಳಿ ಹೋದ ಟಯರಿನಂತೆ ಕುಸಿಯಿತು. ಅರ್ಧ ಜನ ಚಾ ಕುಡಿಯಲು ಎದ್ದರು, ಚಾ ಕುಡಿದವರು ಹಿಂದೆ ಬರಲಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ ಮುಗಿದಾಗ ಮೇಜಿನ ಮೇಲೆ ಜೋಡಿಸಿಟ್ಟ ಪುಸ್ತಕಗಳನ್ನು ಒಬ್ಬರೂ ಮುಟ್ಟಿರಲಿಲ್ಲ.

ಆಗ ಮುಂದೆ ಬಂದವಳು ಅನಿಷಾ. ಮೂವತ್ತರ ಆಸುಪಾಸಿನವಳು, ಬಿಳಿ ಸೀರೆ, ಕೈಯಲ್ಲಿ ಅವನ ಕನ್ನಡ ಪುಸ್ತಕ. ಅದರ ತುಂಬ ಪೆನ್ಸಿಲ್ ಗೆರೆ. ಜಿತೇಂದ್ರನಿಗೆ ಕಣ್ಣು ತುಂಬಿ ಬಂತು. ಕುರ್ಚಿ ಎಳೆದು ಕೂರಿಸಿದ.

“ಲೇಖಕರ ಮಾತಿನಲ್ಲಿ ಒಂದು ಸಾಲು ತುಂಬ ಹಿಡಿಸ್ತು ಸರ್,” ಎಂದು ಅವಳು ಓದಿದಳು: “‘ನಮ್ಮ ಹಿತ್ತಲಿನ ಕಾಲುದಾರಿಯಲ್ಲಿ ಇಡೀ ಕೇರಿಯೇ ಓಡಾಡುತ್ತಿತ್ತು, ಯಾರೂ ಯಾರನ್ನೂ ತಡೆದದ್ದಿಲ್ಲ. ನ್ಯಾಯವೆಂದರೇನೆಂದು ನಾನು ಮೊದಲು ಕಲಿತದ್ದು ಅಲ್ಲಿ.’ ಇದು ನಿಜವಾ, ಇಲ್ಲ ಚಂದಕ್ಕೆ ಬರ್ದದ್ದಾ?”

ಆ ವಾಕ್ಯಕ್ಕೆ ಅವನು ಎರಡು ದಿನ ಒದ್ದಾಡಿದ್ದ. ಅಕ್ಷರಶಃ ನಿಜ, ಶಾಲೆಗೆ ಹತ್ತು ವರ್ಷ ಅಲ್ಲೇ ನಡೆದದ್ದು ಎಂದ. ಅದನ್ನೇ ಕೆಳಗೆ ಬರೆದು ಸಹಿ ಹಾಕಿ ಕೊಡಬಹುದೇ ಎಂದು ಅವಳು ಕೇಳಿದಳು. ಜಿತೇಂದ್ರ ಉಬ್ಬಿಹೋಗಿ ಬರೆದ: ‘ಇದು ಸತ್ಯ. ಹತ್ತು ವರ್ಷ ನಾನೇ ನಡೆದ ದಾರಿ.’ ಅವಳು ಕೇಳದಿದ್ದರೂ ತಾರೀಕು ಹಾಕಿದ.

ಅನಿಷಾ ಶಾಯಿ ಒಣಗುವವರೆಗೆ ಊದಿ, ಪುಸ್ತಕವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

“ನಾನು ಇಲ್ಲಿನ ಕೋರ್ಟಿನಲ್ಲಿ ವಕೀಲೆ ಸರ್. ನಿಮ್ಮ ನೆರೆಮನೆ ಸೋಮಣ್ಣ ಹಾಕಿದ ದಾರಿ ಕೇಸಿದೆಯಲ್ಲ, ಅದು ನನ್ನದೇ. ನಿಮಗೆ ಸಾಕ್ಷಿ ಸಮನ್ಸ್ ಬರ್ತದೆ.”

ಯಾವ ಕೇಸು, ಯಾರ ಮೇಲೆ ಎಂದು ಜಿತೇಂದ್ರ ತೊದಲಿದ.

“ಪ್ರತಿವಾದಿ ಕಮಲಮ್ಮ. ನಿಮ್ಮ ಅಮ್ಮ.”

ಕಳೆದ ವರ್ಷ ಕುಷ್ಟ ಮಾವ ಹಿತ್ತಲಿಗೆ ಬೇಲಿ ಹಾಕಿದ್ದನಂತೆ. ಮೀನು ವ್ಯಾಪಾರದ ಸೋಮಣ್ಣ ಕೋರ್ಟಿಗೆ ಹೋಗಿದ್ದನಂತೆ. ಅಲ್ಲಿ ದಾರಿಯೇ ಇರಲಿಲ್ಲ, ಯಾವ ಕಾಲಕ್ಕೂ ಇರಲಿಲ್ಲ ಎಂದು ಕಮಲಮ್ಮ ಸಹಿ ಹಾಕಿ ಉತ್ತರ ಕೊಟ್ಟಾಗಿತ್ತಂತೆ. ದೇಶದ ಅತಿದೊಡ್ಡ ಕೋರ್ಟಿನ ಒಳಹೊರಗೆಲ್ಲ ಬಲ್ಲ ಜಿತೇಂದ್ರನಿಗೆ ತನ್ನ ಮನೆಯ ಕೇಸು ಗೊತ್ತಿರಲಿಲ್ಲ. ಅವನು ಮಾವನ ಕಡೆ ತಿರುಗಿದ. ಮಾವ ಹಣ್ಣಿನ ಬುಟ್ಟಿಯಿಂದ ತೆಗೆದ ಬಾಳೆಹಣ್ಣನ್ನು ಸುಲಿಯದೆ ಕೈಯಲ್ಲಿ ಹಿಡಿದು ನಿಂತಿದ್ದ.

ಹಿಂದಿರುಗುವ ಬಸ್ಸಿನಲ್ಲಿ ಜಿತೇಂದ್ರ ಅಮ್ಮನ ಪಕ್ಕವೇ ಕೂತ. ಬರೆದದ್ದು ಸುಳ್ಳು ಎಂದರೆ ಪುಸ್ತಕ ಹೋಯಿತು, ನಿಜ ಎಂದರೆ ಹಿತ್ತಲು ಹೋಯಿತು ಎಂದ. ತನಗೊಂದು ಮಾತು ಮೊದಲೇ ಹೇಳಬಾರದಿತ್ತೇ ಎಂದು ಕೇಳಿದ. ದಾರಿ ಇದ್ದದ್ದು ಅಮ್ಮನಿಗೆ ಮರೆತೇಹೋಗಿತ್ತೇ ಎಂದೂ ಕೇಳಿದ.

ಕಮಲಮ್ಮ ಸೆರಗು ಸರಿಮಾಡಿಕೊಂಡು ಕಿಟಕಿಯಾಚೆ ನೋಡುತ್ತ ಹೇಳಿದಳು:

“ದಾರಿ ಇದ್ದದ್ದ್ ನಂಗೂ ಗೊತ್ತಿತ್ತ್ ಮಗಾ. ಅದನ್ನ್ ಬರಿಯೂಕೆ ನಿಂಗೆ ಹೇಳ್ದರ್ ಯಾರ್?”