ಹತ್ತೇ ನಿಮಿಷ ಯಾಕೆ ಹಿಂದೆ ಹೋದ?

ಕುಡುಕನ ಹೆಂಡತಿಗೆ ಅಯ್ಯೋ ಪಾಪ ಅನ್ನುವವರು ನಾಲ್ಕು ಜನವಾದರೂ ಸಿಗುತ್ತಾರೆ. ನನಗೆ ಆ ಭಾಗ್ಯವೂ ಇಲ್ಲ. ನನ್ನ ಗಂಡನ ಚಟದ ಹೆಸರು ‘ಧೂಮಕೇತು’. ಟೀವಿಯಲ್ಲಿ ವರ್ಷಗಟ್ಟಲೆ ಹಾರುತ್ತಲೇ ಇರುವ ಆಕಾಶನೌಕೆಯ ಧಾರಾವಾಹಿ. ಇದನ್ನು ಯಾರ ಹತ್ತಿರ ಹೇಳಿಕೊಂಡು ಅಳಲಿ?

ನೋಡುವುದಷ್ಟೇ ಆಗಿದ್ದರೆ ಹೇಗೋ ಸಹಿಸುತ್ತಿದ್ದೆ. ನೋಡಿದ ಮೇಲೆ ವಾದ ಬೇರೆ. ಆ ಹಡಗಿನ ಕ್ಯಾಪ್ಟನ್ ಹತ್ತಿರ ಒಂದು ಕಾಲಪೆಟ್ಟಿಗೆ ಇದೆ. ಗುಂಡಿ ಒತ್ತಿದರೆ ಕಳೆದುಹೋದ ಹೊತ್ತಿಗೆ ವಾಪಸ್ಸು ಹೋಗಬಹುದು. ಹಡಗಿಗೆ ಬೆಂಕಿ ಬಿದ್ದಾಗ ಆ ಮಹಾನುಭಾವ ಹತ್ತು ನಿಮಿಷ ಹಿಂದೆ ಹೋಗಿ ಅರ್ಧ ಹಡಗು ಉಳಿಸಿದ. ಒಂದು ಗಂಟೆ ಹಿಂದೆ ಹೋಗಿದ್ದರೆ ಇಡೀ ಹಡಗು ಉಳಿಯುತ್ತಿತ್ತು. ಹತ್ತೇ ನಿಮಿಷ ಯಾಕೆ ಹೋದ? ಪೆಟ್ಟಿಗೆಯ ಬ್ಯಾಟರಿ ಮುಗಿದಿತ್ತು ಎನ್ನುವವರದು ಬ್ಯಾಟರಿ ಪಕ್ಷ. ಕಾಲಕ್ಕೂ ಕಾನೂನಿದೆ, ಅದಕ್ಕಿಂತ ಹಿಂದೆ ಹೋಗಕೂಡದು ಎನ್ನುವವರದು ಕಾನೂನು ಪಕ್ಷ. (ನನಗೆ ಇದೆಲ್ಲ ಏನೂ ಗೊತ್ತಿಲ್ಲ. ಅವರು ನೋಡುವ ಹೊತ್ತಿಗೆ ನಾನು ಅದೇ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿರುತ್ತೇನೆ, ಕಿವಿಗೆ ಬಾಗಿಲಿಲ್ಲವಲ್ಲ.)

ನಮ್ಮ ಯಜಮಾನರು ಬ್ಯಾಟರಿ ಪಕ್ಷದ ಸಾರ್ವಭೌಮರು. ನನ್ನ ಒಬ್ಬನೇ ತಮ್ಮ ಕಾನೂನು ಪಕ್ಷ. ಇಬ್ಬರೂ ಊಟದ ಮೇಜಿನ ಮೇಲೆ ಸೌಟು ಕುಟ್ಟಿ ವಾದಿಸಿದ ದಿನದಿಂದ ತಮ್ಮ ನಮ್ಮ ಮನೆಯ ಮೆಟ್ಟಿಲು ತುಳಿದಿಲ್ಲ.

ಹೀಗಿರುವಾಗ ಮಗಳು ತಾನು ಮೆಚ್ಚಿದ ಹುಡುಗನನ್ನೂ ಅವನ ತಾಯಿಯನ್ನೂ ಭಾನುವಾರ ಚಹಾಕ್ಕೆ ಕರೆದಳು. ಹುಡುಗ ಚಿನ್ನದಂಥವನು. ತಾಯಿ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್.

“ಅಮ್ಮ, ಅವರಮ್ಮ ಒಪ್ಪದೆ ಅವನು ಒಂದು ಹೆಜ್ಜೆ ಮುಂದಿಡಲ್ಲ. ಅಪ್ಪನ ಬಾಯಿ ನೀನೇ ನೋಡ್ಕೋಬೇಕು,” ಅಂದಳು ಮಗಳು, ಅಳುವ ದನಿಯಲ್ಲಿ.

ನಾನು ಯಜಮಾನರನ್ನು ಅಡುಗೆಮನೆಗೆ ಕರೆಸಿದೆ. “ರೀ, ಭಾನುವಾರ ನಿಮ್ಮ ಬಾಯಿಂದ ಧೂಮಕೇತು ಅನ್ನೋ ಶಬ್ದ ಬಂದ್ರೆ ನಾನು ತವರಿಗೆ ಹೋಗ್ತೀನಿ.”

“ಅಲ್ಲಿ ನಿನ್ನ ತಮ್ಮ ಇದ್ದಾನಲ್ಲೇ, ಕಾನೂನು ಪಕ್ಷ. ಹೇಗೆ ಬಾಳ್ತೀಯ?”

“ರೀ!”

“ಆಯ್ತು ಕಣೇ ತಾಯಿ. ಅವರಾಗೇ ಕೇಳಿದ್ರೆ?”

“ಹಲ್ಲುನೋವು ಅನ್ನಿ, ಸುಮ್ಮನಿರಿ.”

ಹಲ್ಲು ಅವರಿಗೆ ಹೊಸದೇನಲ್ಲ. ಬಾಯಿ ಬೋಳಾದವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದೇ ಅವರ ಕಸುಬು. ಮಿಕ್ಕಿದ ಸಾಮಾನಿನಲ್ಲಿ ಅವರು ಧೂಮಕೇತುವಿನ ಮಾದರಿ ಕಟ್ಟಿಟ್ಟಿದ್ದರು. ಹಾಗಾಗಿ ವಸಡಿನ ಬಣ್ಣದ ಆಕಾಶನೌಕೆ ಇರುವುದು ಭೂಮಂಡಲದಲ್ಲಿ ನಮ್ಮ ಮನೆಯಲ್ಲಿ ಮಾತ್ರ. ಅದರ ಕಿಟಕಿಗಳೆಲ್ಲ ಹಲ್ಲು. (ಮೂರನೇ ಅಂತಸ್ತಿನ ಕಿಟಕಿಗಳು ಅಗಲವಾಗಿರುವುದರಿಂದ ಅಲ್ಲಿಗೆ ದವಡೆಹಲ್ಲು ಹಾಕಿದ್ದು ಸರಿಯೇ. ನನಗೇನೂ ಗೊತ್ತಿಲ್ಲ ಅಂದೆನಲ್ಲ.) ಭಾನುವಾರ ಬೆಳಿಗ್ಗೆ ಅದನ್ನು ಹಳೆಯ ಚಾದರದಲ್ಲಿ ಸುತ್ತಿ, ಯಾರ ಕಣ್ಣಿಗೂ ಬೀಳದಂತೆ ವಾಷಿಂಗ್ ಮೆಷಿನ್ನಿನೊಳಗೆ ಬಚ್ಚಿಟ್ಟೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಹೆಡ್‌ಮಿಸ್ಟ್ರೆಸ್ ಬಂದರು. ಕೂತರು. ಕನ್ನಡಕದ ಮೇಲಿಂದ ನಮ್ಮ ಯಜಮಾನರನ್ನು ನೋಡಿ, “ತಾವು ಏನು ಕೆಲಸದಲ್ಲಿದ್ದೀರಿ?” ಎಂದರು.

“ಹಲ್ಲುನೋವು,” ಅಂದರು ಇವರು.

ಚಹಾ ಬಗ್ಗಿಸುತ್ತಿದ್ದ ನಾನು ತಿರುಗಿ ಇವರನ್ನು ನೋಡಿದೆ. ಚಹಾ ಸೀದಾ ಹೆಡ್‌ಮಿಸ್ಟ್ರೆಸ್ಸರ ಶಾಲಿನ ಮೇಲೆ. “ಅಯ್ಯೋ ಮೇಡಂ, ಕೊಡಿ, ಹತ್ತೇ ನಿಮಿಷದಲ್ಲಿ ಒಗೆದು ಕೊಡ್ತೀನಿ!” ಎಂದು ಶಾಲು ಕಿತ್ತುಕೊಂಡು ಓಡಿ, ಮೆಷಿನ್ನಿನಲ್ಲಿದ್ದ ಚಾದರದ ಮೇಲೆ ತುರುಕಿ ಗುಂಡಿ ಒತ್ತಿದೆ. ವಾಪಸ್ಸು ಬಂದು ಬಿಸ್ಕತ್ತಿನ ತಟ್ಟೆ ಎತ್ತುವಷ್ಟರಲ್ಲಿ ಬಚ್ಚಲಿನಿಂದ ಗಡಗಡ, ಕಟಕಟ ಸದ್ದು ಶುರುವಾಯಿತು. ಯಜಮಾನರ ಮುಖ ಸುಣ್ಣವಾಯಿತು.

“ಏನದು ಸದ್ದು?” ಎಂದರು ಹೆಡ್‌ಮಿಸ್ಟ್ರೆಸ್.

“ಹಲ್ಲು...” ಎಂದರು ಇವರು, ಕಣ್ಣಲ್ಲಿ ನೀರು.

“ನೋವು,” ಎಂದು ನಾನು ಪೂರ್ತಿ ಮಾಡಿದೆ.

ಒಗೆದು ತಂದ ಶಾಲಿನ ಕುಚ್ಚಿನಲ್ಲಿ, ಹಡಗಿನ ಗೋಡೆಯ ಚೂರಿನ ಸಮೇತ ಒಂದು ದವಡೆಹಲ್ಲು ನೇತಾಡುತ್ತಿತ್ತು. ಹೆಡ್‌ಮಿಸ್ಟ್ರೆಸ್ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. “ಇದು ಯಾರದ್ದು?” ಆ ದನಿಗೆ ನಾವೆಲ್ಲ ನಮಗರಿವಿಲ್ಲದೆ ಎದ್ದು ನಿಂತೆವು.

“ಅಮ್ಮಾ, ಇದು ಮೂರನೇ ಅಂತಸ್ತಿನ ಕಿಟಕಿ!” ಎಂದು ಹುಡುಗ ಕೂಗಿದ. “ಧೂಮಕೇತು ಅಮ್ಮಾ!”

ಹೆಡ್‌ಮಿಸ್ಟ್ರೆಸ್ಸರ ಮುಖ ಬದಲಾಯಿತು. “ಈ ಮನೆಯಲ್ಲಿ ಅದನ್ನ ಯಾರು ನೋಡ್ತಾರೆ?”

ಯಜಮಾನರು ನನ್ನ ಮುಖ ನೋಡಿ, ಕಳ್ಳನ ಹಾಗೆ ಕೈ ಎತ್ತಿದರು.

“ಹಾಗಾದ್ರೆ ಹೇಳಿ. ಹತ್ತೇ ನಿಮಿಷ ಯಾಕೆ?”

ಮಗಳು ಸೋಫಾದ ದಿಂಬು ಹಿಂಡುತ್ತಿದ್ದಳು. ಇವರು ಕಣ್ಣು ಮುಚ್ಚಿಕೊಂಡು, “ಬ್ಯಾಟರಿ,” ಎಂದುಬಿಟ್ಟರು.

“ಮತ್ತಿನ್ನೇನು, ಬ್ಯಾಟರೀನೇ! ನಮ್ಮ ಸ್ಟಾಫ್ ರೂಮಲ್ಲಿ ಒಬ್ಬರ ತಲೆಗೂ ಹೋಗಲ್ಲ ನೋಡಿ!” ಹೆಡ್‌ಮಿಸ್ಟ್ರೆಸ್ ಕುರ್ಚಿ ಹತ್ತಿರ ಎಳೆದುಕೊಂಡರು, ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು, “ಮದುವೆ ಯಾವಾಗ ಇಟ್ಕೊಳ್ಳೋಣ?” ಎಂದರು. ನನ್ನ ಹೊಟ್ಟೆಗೆ ಹಾಲು ಹುಯ್ದಂತಾಯಿತು.

ಆಗಲೇ ನಾನು ಲೋಟ ಎತ್ತಿಕೊಂಡು ಒಳಗೆ ಹೋಗಬೇಕಿತ್ತು.

“ಅದು ಹೇಗೆ ಬ್ಯಾಟರಿ ಆಗುತ್ತೆ?” ಎಂದು ಯಾರೋ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದಾಗಲೇ ಅದು ನನ್ನ ದನಿ ಎಂದು ಗೊತ್ತಾಗಿದ್ದು. ನಿಲ್ಲಿಸೋಣವೆಂದರೆ ನಾಲಗೆ ಕೇಳಲಿಲ್ಲ. “ಅದರ ಹಿಂದಿನ ವಾರವೇ ಹಡಗಿನ ಅಡುಗೆಯವನು ಪೆಟ್ಟಿಗೇನ ಒಲೆ ಮೇಲಿಟ್ಟು ಚಾರ್ಜ್ ಮಾಡಿರ್ಲಿಲ್ವಾ? ಒಂದು ಗಂಟೆ ಹಿಂದೆ ಆ ಕ್ಯಾಪ್ಟನ್ ಕಾವಲು ಬಿಟ್ಟು ಗೊರಕೆ ಹೊಡೀತಿದ್ದ. ಅಲ್ಲಿಗೆ ಹೋದ್ರೆ ಎಲ್ಲರ ಎದುರು ಸಿಕ್ಕಿಬೀಳ್ತಾನಲ್ಲ! ಅದಕ್ಕೇ ಎದ್ದ ಮೇಲಿನ ಹತ್ತು ನಿಮಿಷಕ್ಕೆ ಮಾತ್ರ ಹೋದ. ಗಂಡಸರ ಬುದ್ಧಿ ನನಗೆ ಗೊತ್ತಿಲ್ವಾ?”

ಹೆಡ್‌ಮಿಸ್ಟ್ರೆಸ್ ಕಪ್ಪು ಕೆಳಗಿಟ್ಟರು. “ನೋಡಿ ಇವರೇ, ನಮ್ಮ ಕ್ಯಾಪ್ಟನ್ ಗೊರಕೆ ಹೊಡೆಯೋರಲ್ಲ. ಒಲೆ ಮೇಲಿಟ್ರೆ ಬ್ಯಾಟರಿ ಚಾರ್ಜ್ ಆಗಲ್ಲ. ಇದು ಎಂಟನೇ ಕ್ಲಾಸಿನ ಪಾಠ.”

“ಅದು ಧೂಮಕೇತುವಿನ ಒಲೆ ಮೇಡಂ, ನಿಮ್ಮ ಸ್ಟಾಫ್ ರೂಮಿಂದಲ್ಲ!”

“ಲೇ, ಹಲ್ಲುನೋವು ಅನ್ನೇ, ಹಲ್ಲುನೋವು!” ಎಂದು ಯಜಮಾನರು ಹಿಂದಿನಿಂದ ನನ್ನ ಸೆರಗು ಜಗ್ಗಿದರು.

ಹೆಡ್‌ಮಿಸ್ಟ್ರೆಸ್ ಒದ್ದೆ ಶಾಲನ್ನೇ ಹೊದ್ದುಕೊಂಡು ಎದ್ದರು. “ನಡಿಯೋ ಮನೆಗೆ,” ಎಂದರು ಮಗನಿಗೆ. ನನ್ನ ಮಗಳು, “ಅಪ್ಪನ ಬಾಯಿ ನೋಡ್ಕೋ ಅಂದಿದ್ದೆ. ನಿನ್ನ ಬಾಯಿ ಯಾರಿಗೆ ಒಪ್ಪಿಸ್ಬೇಕಿತ್ತು?” ಎಂದು ಬಿಕ್ಕಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಚಿಕೆಯಿಂದ ಸತ್ತೇಹೋಗುತ್ತೇನೆ ಅನಿಸಿತು. ಬಾಗಿಲಿಗೆ ಓಡಿ, “ಮೇಡಂ, ತಪ್ಪಾಯ್ತು. ಹತ್ತು ನಿಮಿಷ ಹಿಂದೆ ಹೋಗೋ ಹಾಗಿದ್ರೆ ನಾನು ಬಾಯೇ ಬಿಡ್ತಿರ್ಲಿಲ್ಲ,” ಎಂದೆ.

ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡಿದ್ದ ಹೆಡ್‌ಮಿಸ್ಟ್ರೆಸ್ ತಿರುಗಿದರು. “ಹೋಗಿ, ಯಾರು ಬೇಡ ಅಂದ್ರು? ಪೆಟ್ಟಿಗೆ ಒಲೆ ಮೇಲಿಟ್ಟು ಚಾರ್ಜ್ ಮಾಡ್ಕೊಳ್ಳಿ!” ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ನಗು ತಡೆಯಲಾಗಲಿಲ್ಲ. ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದರು. “ಮದುವೆ ನಡೀಲಿ. ಆದ್ರೆ ಪ್ರತಿ ಭಾನುವಾರ ನಾನು ಇಲ್ಲಿಗೆ ಬರ್ತೀನಿ. ನಿಮ್ಮ ತಲೆಗೆ ಬ್ಯಾಟರಿ ಹೋಗೋ ತನಕ ಬಿಡಲ್ಲ.”

ಬಿಟ್ಟೂ ಇಲ್ಲ. ಈಗ ಭಾನುವಾರ ಬಂತೆಂದರೆ ಬೀಗಿತ್ತಿ ಸೋಫಾದ ಒಂದು ತುದಿ, ಯಜಮಾನರು ಇನ್ನೊಂದು ತುದಿ, ಮಧ್ಯೆ ಮುರಿದ ನೌಕೆಗೆ ಹಲ್ಲು ಅಂಟಿಸುತ್ತಾ ಭಾವೀ ಅಳಿಯ. ನಾನು ಗೋಡೆಯ ಪಕ್ಕ ಇಸ್ತ್ರಿ ಹಿಡಿದು, ಪಾಠ ಒಪ್ಪಿಸದ ಹುಡುಗಿಯಂತೆ ನಿಂತಿರುತ್ತೇನೆ. ನನ್ನ ಪರವಾಗಿ ಮಾತಾಡಲು ಒಬ್ಬರಿಲ್ಲ.

ಮೊನ್ನೆ ತಮ್ಮನ ಫೋನು ಬಂತು. ಕರುಳುಬಳ್ಳಿಯಲ್ಲವೇ, ಅಕ್ಕನ ಕಷ್ಟ ತಿಳಿದು ಮಾಡಿದ್ದಾನೆ ಎಂದು ಕಣ್ಣು ತುಂಬಿಕೊಂಡೇ ಎತ್ತಿದೆ.

“ಅಕ್ಕಾ, ನೀನು ಗೊರಕೆ ಪಕ್ಷವಂತೆ, ನಿಜವಾ?”

“ಹೂಂ ಕಣೋ,” ಎಂದೆ.

“ಬ್ಯಾಟರಿಯಾದ್ರೂ ಸಹಿಸ್ಕೋಬಹುದು,” ಎಂದ. “ಭಾವನಿಗೆ ಫೋನ್ ಕೊಡು.”